ಮನೆಯ ವೈಫೈ: ಹಂಚಿಕೊಳ್ಳುವುದು ಹೇಗೆ, ಯಾರೊಂದಿಗೆ?



ಮಲ್ಪೆಯ ಮನೆಗಳಿಗೆ ಕುಟುಂಬ ಭೇಟಿಗೆ ಹೋದಾಗ ಜನರು ನನ್ನಲ್ಲಿ ಕೇಳುವ ಪ್ರಶ್ನೆಗಳು ಮೊದಲು ಬೇರೆಯೇ ಇದ್ದವು. ಮಗಳ ಮದುವೆಯ ತಾರೀಕು, ತೀರಿಹೋದವರಿಗಾಗಿ ಪೂಜೆ, ಮಗನ ಕಾಲೇಜು ಸೀಟು ಇತ್ಯಾದಿ. ಈಗ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ. "ಫಾದರ್, ಮನೆಗೆ ವೈಫೈ ಹಾಕಿಸಿದ್ದೇವೆ. ಚಾವಡಿಯಲ್ಲಿ ಸಿಗುತ್ತದೆ, ಒಳಕೋಣೆಯಲ್ಲಿ ಸಿಗುವುದಿಲ್ಲ. ಪಕ್ಕದ ಮನೆಯವರು ಪಾಸ್‌ವರ್ಡ್ ಕೇಳುತ್ತಿದ್ದಾರೆ. ಕೊಟ್ಟರೆ ತೊಂದರೆ ಇದೆಯೇ? ಕೊಡದಿದ್ದರೆ ಪಾಪವೇ?"

ಪ್ರಶ್ನೆಯ ಮೊದಲರ್ಧ ತಾಂತ್ರಿಕವಾದದ್ದು, ಉಳಿದರ್ಧ ಆತ್ಮಸಾಕ್ಷಿಗೆ ಸಂಬಂಧಿಸಿದ್ದು. ಎರಡಕ್ಕೂ ಉತ್ತರ ಬೇಕು. ನಾನು ಇಂಜಿನಿಯರ್ ಅಲ್ಲ. ಒಂದು ತಪ್ಪು ಮಾಡಿ, ಅದರಿಂದ ಕಲಿತವನು. ಆ ತಪ್ಪನ್ನೇ ಮೊದಲು ಹೇಳಿಬಿಡುತ್ತೇನೆ.

ನಾನು ಬಾಗಿಲು ಹಾಕಿದ ಕಥೆ

2020ರ ಮಳೆಗಾಲ. ಮಾರ್ಚ್ ತಿಂಗಳಿಂದ ಶಾಲಾ ಕಾಲೇಜುಗಳು ಮುಚ್ಚಿದ್ದವು. ನಾನು ಆಗ ಇದ್ದ ಧರ್ಮಕೇಂದ್ರದಲ್ಲಿ ಕಚೇರಿಯ ಕೆಲಸಕ್ಕೆಂದು ಹಳೆಯ ತಾಮ್ರದ ತಂತಿಯ ಇಂಟರ್‌ನೆಟ್ ಸಂಪರ್ಕವಿತ್ತು. ಭಾನುವಾರದ ಬಲಿಪೂಜೆಯನ್ನು ಅದರ ಮೂಲಕವೇ ಜನರ ಮನೆಗಳಿಗೆ ನೇರಪ್ರಸಾರ ಮಾಡುತ್ತಿದ್ದೆವು. ಪಾಸ್‌ವರ್ಡ್ ಊರಿಗೆಲ್ಲ ಗೊತ್ತಿದ್ದದ್ದೇ: ಇಗರ್ಜಿಯ ಪಾಲಕ ಸಂತರ ಹೆಸರು ಮತ್ತು ಇಸವಿ.

ಕೆಲವು ವಾರ ಪ್ರಸಾರ ಮಧ್ಯದಲ್ಲಿ ತುಂಡಾಗತೊಡಗಿತು. ಪ್ರಬೋಧನೆಯ ನಡುವೆ ನನ್ನ ಬಾಯಿ ತೆರೆದಂತೆಯೇ ನಿಂತುಬಿಡುತ್ತಿತ್ತಂತೆ. ಹೊರಗಿನ ಯಾರೋ ನಮ್ಮ ವೈಫೈಯಲ್ಲಿ ಸಿನಿಮಾ ನೋಡುತ್ತಿದ್ದಾರೆ ಎಂದು ನಾನು ತೀರ್ಮಾನಿಸಿದೆ. ಒಂದು ಶನಿವಾರ ರಾತ್ರಿ ಯಾರಿಗೂ ಹೇಳದೆ ಪಾಸ್‌ವರ್ಡ್ ಬದಲಿಸಿದೆ. ಮರುದಿನ ಪೂಜೆ ಸರಾಗವಾಗಿ ಪ್ರಸಾರವಾಯಿತು. ನನಗೆ ಸಮಾಧಾನವಾಯಿತು.

ಸೋಮವಾರ ಸಂಜೆ ಇಗರ್ಜಿಯ ಪಕ್ಕದ ಮೆಟ್ಟಿಲ ಮೇಲೆ ಒಬ್ಬ ಹುಡುಗಿ ಕೊಡೆ ಹಿಡಿದು ಕುಳಿತಿದ್ದಳು. ಪಿಯುಸಿ ಓದುವವಳು. ತಂದೆ ಬೋಟಿನಲ್ಲಿ ದುಡಿಯುವವರು. ಲಾಕ್‌ಡೌನ್‌ನಿಂದಾಗಿ ನಿಂತ ಮೀನುಗಾರಿಕೆ ಸರಿಯಾಗಿ ಪ್ರಾರಂಭವಾಗುವ ಮೊದಲೇ ಮಳೆಗಾಲದ ನಿಷೇಧ ಬಂದಿತ್ತು. ಮೊಬೈಲ್ ರೀಚಾರ್ಜಿಗೆ ಮನೆಯಲ್ಲಿ ಹಣವಿರಲಿಲ್ಲ. ನಾಲ್ಕು ವಾರಗಳಿಂದ ಆಕೆ ಆ ಮೆಟ್ಟಿಲ ಮೇಲೆ ಕುಳಿತು ಪಾಠಗಳನ್ನು ಇಳಿಸಿಕೊಳ್ಳುತ್ತಿದ್ದಳು. ಭಾನುವಾರ ರಾತ್ರಿಯೊಳಗೆ ಕಳುಹಿಸಬೇಕಾಗಿದ್ದ ಅಸೈನ್‌ಮೆಂಟ್ ಹೋಗಲಿಲ್ಲ. ಅವಳು ದೂರಲಿಲ್ಲ. "ಫಾದರ್, ವೈಫೈ ಹಾಳಾಗಿದೆಯಾ?" ಎಂದಷ್ಟೇ ಕೇಳಿದಳು.

ಇನ್ನೊಂದು ವಿಷಯವೂ ಇದೆ. ನನ್ನ ಮೊಬೈಲಿಗೂ ಹೊಸ ಪಾಸ್‌ವರ್ಡ್ ಹಾಕಿದ ಮೇಲೆ, ಮುಂದಿನ ಭಾನುವಾರ ಪ್ರಸಾರ ಪುನಃ ತುಂಡಾಯಿತು. ಯುವಸಂಘಟನೆಯ ಹುಡುಗನೊಬ್ಬ ಬಂದು ಪರೀಕ್ಷಿಸಿದ. ಕಾರಣ ನನ್ನ ಮೊಬೈಲೇ! ಅದು ತೆಗೆದ ಫೋಟೋ, ವೀಡಿಯೋಗಳನ್ನು ತನ್ನಷ್ಟಕ್ಕೆ ಇಂಟರ್‌ನೆಟ್ಟಿಗೆ ಏರಿಸುತ್ತಾ ಇತ್ತು. ತಾಮ್ರದ ತಂತಿಯ ಸಂಪರ್ಕದಲ್ಲಿ ಇಳಿಸುವ ವೇಗ ಹೆಚ್ಚು, ಏರಿಸುವ ವೇಗ ತೀರ ಕಡಿಮೆ. ನೇರಪ್ರಸಾರಕ್ಕೆ ಬೇಕಾದದ್ದು ಏರಿಸುವ ವೇಗ. ಅದನ್ನು ನುಂಗಿದ್ದು ನನ್ನ ಜೇಬಿನಲ್ಲಿದ್ದ ಫೋನು. ಪಾಠ ಇಳಿಸಿಕೊಳ್ಳುತ್ತಿದ್ದ ಹುಡುಗಿಯಿಂದ ಪ್ರಸಾರಕ್ಕೆ ಹೇಳುವಂಥ ಅಡ್ಡಿ ಇರಲಿಲ್ಲ. ಸಹೋದರನ ಕಣ್ಣಿನ ರವೆಯನ್ನು ಹುಡುಕಿ ತನ್ನ ಕಣ್ಣಿನ ತೊಲೆಯನ್ನು ಮರೆಯುವವನ ಕುರಿತು ಯೇಸುಸ್ವಾಮಿ ಹೇಳಿದ್ದನ್ನು (ಮತ್ತಾಯ 7:3) ನಾನು ಎಷ್ಟು ಸಲ ಬೋಧಿಸಿದ್ದೆನೋ!

ಗಾಳಿಯಲ್ಲಿ ಬರುವುದು ಏನು?

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆಗ ಟೆಲಿಫೋನ್ ತಂತಿಯಲ್ಲಿ ಒಂದು ಕಂಪ್ಯೂಟರ್ ಸಂಪರ್ಕಿಸಿದರೆ ಮನೆಯ ಫೋನು ಬಂದ್. ತಂತಿಯಿಲ್ಲದೆ ಕಂಪ್ಯೂಟರುಗಳನ್ನು ಜೋಡಿಸುವ ಮೊದಲ ಮಾನದಂಡ 1997ರಲ್ಲಿ ಬಂತು. 1999ರಲ್ಲಿ ಅದಕ್ಕೆ ವೈಫೈ ಎಂಬ ಹೆಸರಾಯಿತು. 2005ರಲ್ಲಿ ಕೇಂದ್ರ ಸರ್ಕಾರ 2.4 ಗಿಗಾಹರ್ಟ್ಸ್ ತರಂಗಗಳನ್ನು ಕಡಿಮೆ ಶಕ್ತಿಯಲ್ಲಿ ಬಳಸಲು ಪರವಾನಗಿ ಬೇಡವೆಂದಿತು. 2016ರಲ್ಲಿ ನಮ್ಮ ಮಲ್ಪೆ ಕಡಲತೀರವೇ ದೇಶದ ಮೊದಲ ವೈಫೈ ಬೀಚ್ ಎಂದು ಪತ್ರಿಕೆಗಳಲ್ಲಿ ಸುದ್ದಿಯಾಯಿತು.

ಇದು ಕೆಲಸ ಮಾಡುವ ಬಗೆ ಮಲ್ಪೆಯವರಿಗೆ ಸುಲಭವಾಗಿ ತಿಳಿಯುತ್ತದೆ. ಬೋಟಿನ ವಯರ್‌ಲೆಸ್ ಸೆಟ್ಟನ್ನು ನೆನಪಿಸಿಕೊಳ್ಳಿ. ಒಂದೇ ಚಾನೆಲಿನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಯಾರದ್ದೂ ಕೇಳಿಸುವುದಿಲ್ಲ. ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಕಾಯಬೇಕು. ವೈಫೈಯೂ ಹಾಗೆಯೇ. ಮನೆಯ ಕಂಪ್ಯೂಟರ್, ಮೊಬೈಲ್, ಟಿವಿ ಎಲ್ಲವೂ ಮೊದಲು ಆಲಿಸಿ, ಚಾನೆಲ್ ಖಾಲಿ ಇದ್ದಾಗ ಮಾತಾಡುತ್ತವೆ. ಸೆಕೆಂಡಿಗೆ ಸಾವಿರಾರು ಸಲ ಇದು ನಡೆಯುವುದರಿಂದ ನಮಗೆ ತಿಳಿಯುವುದಿಲ್ಲ. ಎರಡನೆಯದಾಗಿ, ವಯರ್‌ಲೆಸ್‌ನಲ್ಲಿ ಆಡಿದ ಮಾತು ಹತ್ತಿರದ ಬೋಟುಗಳಿಗೆಲ್ಲ ಕೇಳಿಸುತ್ತದೆ. ಆದುದರಿಂದ ಜಾಣ ತಾಂಡೇಲ ಬಂಗುಡೆ ಸಿಕ್ಕಿದ ಜಾಗವನ್ನು ಅದರಲ್ಲಿ ಬಿಚ್ಚಿ ಹೇಳುವುದಿಲ್ಲ. ವೈಫೈಯ ತರಂಗವೂ ನಿಮ್ಮ ಕಂಪೌಂಡಿನಲ್ಲಿ ನಿಲ್ಲುವುದಿಲ್ಲ. ಪಾಸ್‌ವರ್ಡ್ ಹಾಕಿದಾಗ ಮಾತು ಗುಪ್ತಲಿಪಿಯಾಗಿ ಹೋಗುತ್ತದೆ; ಕೇಳಿದವನಿಗೂ ಅರ್ಥವಾಗದು.

ಇನ್ನು ರೌಟರ್ ಎಂಬ ಪೆಟ್ಟಿಗೆ. ಇಗರ್ಜಿಯ ವಿಳಾಸಕ್ಕೆ ಬಂದ ಅಂಚೆಯನ್ನು ಕಚೇರಿಯವರು ತೆಗೆದುಕೊಂಡು ಗುರುಗಳಿಗೆ, ಕನ್ಯಾಮಠಕ್ಕೆ, ಶಾಲೆಗೆ ಎಂದು ವಿಂಗಡಿಸುತ್ತಾರಲ್ಲ, ಅದೇ ಕೆಲಸ ಇದರದ್ದು. ಹೊರಜಗತ್ತಿಗೆ ಸಾಮಾನ್ಯವಾಗಿ ನಿಮ್ಮ ಮನೆಗೆಲ್ಲ ಒಂದೇ ವಿಳಾಸ. ಮನೆಯೊಳಗೆ ಪ್ರತಿಯೊಂದು ಯಂತ್ರಕ್ಕೂ ರೌಟರ್ ಬೇರೆ ಬೇರೆ ನಂಬರ್ ಕೊಟ್ಟು, ಬಂದದ್ದನ್ನು ಸರಿಯಾದವರಿಗೆ ತಲುಪಿಸುತ್ತದೆ. ಈ 'ಒಂದೇ ವಿಳಾಸ' ಎಂಬುದನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ದೀಪವನ್ನು ಕೊಳಗದ ಕೆಳಗೆ ಇಡಬೇಡಿ

ಒಳಕೋಣೆಯಲ್ಲಿ ಸಿಗುವುದಿಲ್ಲ ಎಂದು ಹೇಳಿದ ಮನೆಗಳಲ್ಲಿ ನಾನು ಮೊದಲು ರೌಟರ್ ಎಲ್ಲಿದೆ ಎಂದು ನೋಡುತ್ತೇನೆ. ಹೆಚ್ಚಾಗಿ ಅದು ಟಿವಿಯ ಹಿಂದೆ, ಶೋಕೇಸಿನ ಒಳಗೆ, ಕೆಲವೆಡೆ ನೆಲದ ಮೇಲೆ. ದೀಪವನ್ನು ಹಚ್ಚಿ ಕೊಳಗದ ಕೆಳಗೆ ಇಡದೆ ದೀಪಸ್ತಂಭದ ಮೇಲಿಟ್ಟರೆ ಮನೆಯಲ್ಲಿರುವವರಿಗೆಲ್ಲ ಬೆಳಕಾಗುತ್ತದೆಂಬುದು ಸಂತ ಮತ್ತಾಯರ ಶುಭಸಂದೇಶದ ಮಾತು (5:15). ಅದು ನಮ್ಮ ಸತ್ಕ್ರಿಯೆಗಳನ್ನು ಕುರಿತು ಹೇಳಿದ್ದು, ನಿಜ. ಆದರೆ ರೌಟರಿಗೂ ಅಕ್ಷರಶಃ ಒಪ್ಪುತ್ತದೆ.

1. ಮನೆಯ ನಡುಭಾಗದಲ್ಲಿ, ಆಳೆತ್ತರಕ್ಕೆ, ಬಯಲಾಗಿ ಇಡಿ. ನಮ್ಮ ಹಳೆಯ ಮನೆಗಳ ದಪ್ಪ ಕೆಂಪುಕಲ್ಲಿನ ಗೋಡೆ ತರಂಗವನ್ನು ಬಹಳವಾಗಿ ತಡೆಯುತ್ತದೆ. ಎರಡು ಗೋಡೆ ದಾಟುವಷ್ಟರಲ್ಲಿ ಅದು ಸೊರಗುತ್ತದೆ. ಕಬ್ಬಿಣದ ಕಪಾಟು, ಫ್ರಿಜ್, ದೊಡ್ಡ ಕನ್ನಡಿ, ನೀರಿನ ಟ್ಯಾಂಕ್ ಇವುಗಳ ಹತ್ತಿರ ಇಡಬೇಡಿ.

2. ಇಂದಿನ ರೌಟರುಗಳಲ್ಲಿ ಹೆಚ್ಚಾಗಿ ಎರಡು ಬಗೆಯ ತರಂಗಗಳಿವೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಗೋಡೆಯನ್ನು ತಕ್ಕಮಟ್ಟಿಗೆ ದಾಟುತ್ತದೆ, ಆದರೆ ವೇಗ ಕಡಿಮೆ. 5 ಗಿಗಾಹರ್ಟ್ಸ್ ವೇಗವಾದದ್ದು, ಆದರೆ ಬೇಗನೆ ಸೊರಗುತ್ತದೆ. ಅದೇ ಕೋಣೆಯ ಕಂಪ್ಯೂಟರಿಗೆ 5, ದೂರದ ಕೋಣೆಗೆ 2.4 ಆರಿಸಿ. ಮೈಕ್ರೋವೇವ್ ಒಲೆಯೂ 2.4ರ ಆಸುಪಾಸಿನಲ್ಲೇ ಕೆಲಸ ಮಾಡುವುದರಿಂದ ಅದು ಉರಿಯುವಾಗ ಅಡ್ಡಿಯಾಗಬಹುದು.

3. ಮಾಳಿಗೆಗೆ ತಲುಪದಿದ್ದರೆ, ಕೇಬಲ್ ಎಳೆದು ಅಲ್ಲಿ ಇನ್ನೊಂದು ಪೆಟ್ಟಿಗೆ ಇಡುವುದೇ ಉತ್ತಮ. ಗಾಳಿಯಲ್ಲೇ ಹಿಡಿದು ಮುಂದಕ್ಕೆ ಕಳುಹಿಸುವ ಅಗ್ಗದ ರಿಪೀಟರುಗಳು ಕೇಳಿದ್ದನ್ನೇ ಅದೇ ಚಾನೆಲಿನಲ್ಲಿ ಇನ್ನೊಮ್ಮೆ ಹೇಳಬೇಕಾಗುವುದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮೇಜಿನ ಮೇಲಿನ ಹಳೆಯ ಕಂಪ್ಯೂಟರಿಗೆ ವೈಫೈ ಇಲ್ಲದಿದ್ದರೆ ಅದಕ್ಕೂ ಕೇಬಲ್ ಹಾಕಬಹುದು, ಅಥವಾ ಸಣ್ಣ ಯುಎಸ್‌ಬಿ ಅಡಾಪ್ಟರ್ ಚುಚ್ಚಬಹುದು.

4. ಏಪ್ರಿಲ್, ಮೇ ಮತ್ತು ಅಕ್ಟೋಬರಿನಲ್ಲಿ ನಮ್ಮ ಕರಾವಳಿಯಲ್ಲಿ ಸಿಡಿಲು ಜೋರು. ಫೈಬರ್ ಗಾಜಿನ ಎಳೆಯಾದ್ದರಿಂದ ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ, ಸರಿ. ಆದರೆ ಕರೆಂಟಿನ ಪ್ಲಗ್ಗಿನ ಮೂಲಕ ರೌಟರ್ ಸುಟ್ಟುಹೋಗಬಹುದು. ಗುಡುಗು ಕೇಳುವ ಮೊದಲೇ, ಮೋಡ ಕಟ್ಟಿದೊಡನೆ ಪ್ಲಗ್ ತೆಗೆದಿಡಿ.

ರೊಟ್ಟಿಯೋ, ದೀಪವೋ?

ಸೆಮಿನರಿಯಲ್ಲಿ ತತ್ವಶಾಸ್ತ್ರ ಓದುವಾಗ ಕಲಿತ ಒಂದು ಭೇದ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಲೋಕದಲ್ಲಿ ಹಂಚಿದರೆ ಕಡಿಮೆಯಾಗುವ ವಸ್ತುಗಳಿವೆ, ಹಂಚಿದರೂ ಕಡಿಮೆಯಾಗದ ವಸ್ತುಗಳಿವೆ. ರೊಟ್ಟಿ ಮೊದಲನೆಯ ಬಗೆ. ದೀಪದ ಬೆಳಕು, ಜ್ಞಾನ, ಪ್ರೀತಿ ಎರಡನೆಯ ಬಗೆ. ಸಂತ ಆಗಸ್ಟಿನರು ಕ್ರೈಸ್ತ ಬೋಧನೆಯನ್ನು ಕುರಿತ ತಮ್ಮ ಗ್ರಂಥದ ಪ್ರಾರಂಭದಲ್ಲಿಯೇ, ಕೊಟ್ಟರೂ ಕಡಿಮೆಯಾಗದ ವಸ್ತುವನ್ನು ಕೊಡದೆ ಇಟ್ಟುಕೊಂಡವನು ಅದನ್ನು ಇಟ್ಟುಕೊಳ್ಳಬೇಕಾದ ರೀತಿಯಲ್ಲಿ ಇಟ್ಟುಕೊಂಡಿಲ್ಲ ಎಂಬ ಅರ್ಥದ ಮಾತನ್ನು ಹೇಳುತ್ತಾರೆ.

ಇಂಟರ್‌ನೆಟ್ ಯಾವ ಬಗೆಯದು? ಇದರಲ್ಲಿ ಎರಡೂ ಇವೆ. ಸಂಪರ್ಕವೆಂಬುದು ರೊಟ್ಟಿ. ನೀವು 40 ಎಂಬಿಪಿಎಸ್ ವೇಗದ ಯೋಜನೆ ತೆಗೆದುಕೊಂಡಿದ್ದರೆ ಅಷ್ಟನ್ನೇ ಮನೆಮಂದಿ ಹಂಚಿಕೊಳ್ಳಬೇಕು. ಕುವೈತಿನಲ್ಲಿರುವ ಮಗನೊಂದಿಗೆ ಅಮ್ಮ ವೀಡಿಯೋ ಕರೆ ಮಾಡಲು ಒಂದೆರಡು ಎಂಬಿಪಿಎಸ್ ಸಾಕು. ಟಿವಿಯಲ್ಲಿ ಸ್ಪಷ್ಟವಾದ ಸಿನಿಮಾಕ್ಕೆ ಸುಮಾರು 5 ಬೇಕು. ಅತಿ ಸ್ಪಷ್ಟವಾದ 4ಕೆ ಚಿತ್ರಕ್ಕೆ 15ರಿಂದ 25 ಬೇಕು. ಆದರೆ ಅದರ ಮೂಲಕ ಬರುವ ಪಾಠ, ಸುದ್ದಿ, ಶುಭಸಂದೇಶ ಇವೆಲ್ಲ ದೀಪ.

ತಪ್ಪು ಎರಡು ರೀತಿಯಲ್ಲಿ ಆಗುತ್ತದೆ. ರೊಟ್ಟಿಯನ್ನು ದೀಪವೆಂದು ತಿಳಿದು ಲೆಕ್ಕವಿಲ್ಲದೆ ಬಿಟ್ಟುಕೊಡುವುದು ಒಂದು. ಆಗ ನಿಜವಾಗಿ ಬೇಕಾದವರಿಗೇ ಸಿಗುವುದಿಲ್ಲ. ದೀಪವನ್ನು ರೊಟ್ಟಿಯೆಂದು ತಿಳಿದು ಬಚ್ಚಿಡುವುದು ಇನ್ನೊಂದು. ನಾನು ಆ ಶನಿವಾರ ರಾತ್ರಿ ಮಾಡಿದ್ದು ಇದನ್ನೇ.

ಐದು ರೊಟ್ಟಿಗಳನ್ನು ಹಂಚುವ ಮೊದಲು ಯೇಸುಸ್ವಾಮಿ ಜನರನ್ನು ಐವತ್ತೈವತ್ತು ಮಂದಿಯ ಪಂಕ್ತಿಗಳಾಗಿ ಕುಳ್ಳಿರಿಸಿದರೆಂದು ಸಂತ ಲೂಕರು ಬರೆಯುತ್ತಾರೆ (9:14). ಅದ್ಭುತವಿದ್ದರೂ ಕ್ರಮ ಬೇಕಾಯಿತು! ಮನೆಯಲ್ಲೂ ಹಾಗೆಯೇ ಒಂದು ಕ್ರಮ ಇರಲಿ. ಮಗಳಿಗೆ ಆನ್‌ಲೈನ್ ಪರೀಕ್ಷೆ ಇರುವ ಗಂಟೆಯಲ್ಲಿ ಅಣ್ಣ ಸಿನಿಮಾ ಇಳಿಸುವುದು ಬೇಡ. ಫೋಟೋ ಏರಿಸುವ ಕೆಲಸವನ್ನು ರಾತ್ರಿಗೆ ಹೊಂದಿಸಿ.

ಹಟ್ಟಿಯ ಬಾಗಿಲು

ಸಂತ ಯೊವಾನ್ನರ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಕುರಿಹಟ್ಟಿಗೆ ಬಾಗಿಲಿದೆ, ಬಾಗಿಲು ಕಾಯುವವನಿದ್ದಾನೆ. ಬಾಗಿಲಿರುವುದು ಕುರಿಗಳು ಒಳಗೆ ಬರಲಿಕ್ಕೆ, ಹೊರಗೆ ಹೋಗಲಿಕ್ಕೆ, ಕಳ್ಳ ಬಾರದಿರಲಿಕ್ಕೆ. ಬಾಗಿಲೇ ಇಲ್ಲದ ಹಟ್ಟಿ ಔದಾರ್ಯವಲ್ಲ.

2008ರ ಜುಲೈ ತಿಂಗಳಲ್ಲಿ ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟಗಳಾದವು. ಅದರ ಹೊಣೆ ಹೊತ್ತ ಇ-ಮೇಲ್ ಎಲ್ಲಿಂದ ಹೋಯಿತೆಂದು ಹುಡುಕಿದಾಗ ಪೊಲೀಸರು ತಲುಪಿದ್ದು ನವಿ ಮುಂಬಯಿಯ ಒಂದು ವಸತಿಯ ವೈಫೈಗೆ. ಭದ್ರತೆಯಿಲ್ಲದ ಆ ಸಂಪರ್ಕವನ್ನು ಬೇರೆ ಯಾರೋ ಬಳಸಿದ್ದರು. ವಿಚಾರಣೆ ಎದುರಿಸಬೇಕಾದದ್ದು ಮನೆಯವನು. 2009ರ ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆ ವೈಫೈಯನ್ನು ಭದ್ರಪಡಿಸಬೇಕೆಂದು ಸೂಚನೆ ಹೊರಡಿಸಿತು. ಹೊರಜಗತ್ತಿಗೆ ಮನೆಗೆಲ್ಲ ಒಂದೇ ವಿಳಾಸ ಎಂದೆನಲ್ಲವೇ? ಯಾರು ಏನು ಮಾಡಿದರೂ ಮೊದಲು ಬಾಗಿಲು ತಟ್ಟುವುದು ನಿಮ್ಮದು.

ಆದುದರಿಂದ ಇಷ್ಟು ಮಾಡಿ. ರೌಟರಿನ ಒಳಗಿನ ವ್ಯವಸ್ಥೆಗೆ ಹೋಗಲು ಒಂದು ಪಾಸ್‌ವರ್ಡ್ ಇರುತ್ತದೆ. ಕಂಪೆನಿಯಿಂದ ಬಂದದ್ದನ್ನು ಬದಲಿಸಿ. ವೈಫೈಯ ಪಾಸ್‌ವರ್ಡ್ ಕನಿಷ್ಠ 12 ಅಕ್ಷರಗಳದ್ದಾಗಿರಲಿ. ಮನೆಯ ಹೆಸರು, ಮಗುವಿನ ಹುಟ್ಟಿದ ದಿನ, ಪಾಲಕ ಸಂತರ ಹೆಸರು ಬೇಡ. ಭದ್ರತೆಯ ಬಗೆ ಕೇಳಿದಾಗ ಡಬ್ಲ್ಯುಪಿಎ3, ಅದಿಲ್ಲದಿದ್ದರೆ ಡಬ್ಲ್ಯುಪಿಎ2 ಆರಿಸಿ. ಹಳೆಯ ಡಬ್ಲ್ಯುಇಪಿ ಬಹಳ ಹಿಂದೆಯೇ ಮುರಿದುಬಿದ್ದ ಬೀಗ. ತಿಂಗಳಿಗೊಮ್ಮೆ ರೌಟರಿನ ಪಟ್ಟಿಯಲ್ಲಿ ಯಾವ ಯಾವ ಯಂತ್ರಗಳು ಸೇರಿವೆ ಎಂದು ನೋಡಿ.

ಪಕ್ಕದ ಮನೆಯವರು ಕೇಳಿದರೆ

ಈಗ ಕಷ್ಟದ ಪ್ರಶ್ನೆಗೆ ಬರೋಣ. ಸಂತ ತೋಮಸ್ ಅಕ್ವಿನಾಸರು ಪ್ರೀತಿಗೂ ಒಂದು ಕ್ರಮವಿದೆಯೆಂದು ಕಲಿಸಿದರು. ಮೊದಲು ನಮ್ಮ ಹೊಣೆಯಲ್ಲಿರುವವರು, ಆದರೆ ಕೊರತೆ ತೀವ್ರವಾಗಿದ್ದಾಗ ದೂರದವನೂ ಮುಂದೆ ಬರುತ್ತಾನೆ. ಅವರ ಪ್ರಕಾರ ವಿವೇಕವೆಂದರೆ ಹಿಂಜರಿಕೆಯಲ್ಲ. ಒಳ್ಳೆಯದನ್ನು ಸರಿಯಾದ ರೀತಿಯಲ್ಲಿ ಮಾಡುವ ಬುದ್ಧಿ.

ಕೇಳುವವರು ಯಾರು, ಏತಕ್ಕೆ ಎಂದು ಮೊದಲು ತಿಳಿಯಿರಿ. ಸಂಪರ್ಕ ಹಾಕಿಸಿಕೊಳ್ಳಲು ಶಕ್ತಿಯಿದ್ದೂ ನಿಮ್ಮದನ್ನು ಕೇಳುವವರಿಗೆ ನಯವಾಗಿ ಇಲ್ಲವೆನ್ನಬಹುದು, ಅದು ಪಾಪವಲ್ಲ. ಹಣ ತೆಗೆದುಕೊಂಡು ಹಂಚುವುದು ಕೂಡದು. ಇಂಟರ್‌ನೆಟ್ ಮಾರಾಟಕ್ಕೆ ಸರ್ಕಾರದ ನಿಯಮಗಳಿವೆ. ಉಚಿತವಾಗಿಯಾದರೂ ಮನೆಯ ಹೊರಗಿನವರಿಗೆ ಕೊಡಲು ನಿಮ್ಮ ಕಂಪೆನಿಯ ಒಪ್ಪಂದದಲ್ಲಿ ಅವಕಾಶವಿದೆಯೇ ಎಂದು ಕೇಳಿ ತಿಳಿಯಿರಿ.

ಓದುವ ಮಗುವಿಗೆ ನಿಜವಾದ ಅಗತ್ಯವಿದೆಯೆಂದಾದರೆ ದಾರಿಗಳಿವೆ. ಮೊದಲನೆಯದು, ಮಗುವನ್ನು ನಿಮ್ಮ ಚಾವಡಿಗೆ ಕರೆದು, ನಿಮ್ಮ ಮಕ್ಕಳೊಂದಿಗೆ ಕುಳ್ಳಿರಿಸಿ. ಇದು ಎಲ್ಲಕ್ಕಿಂತ ಉತ್ತಮ. ಅವಳಿಗೆ ಚಹಾವೂ ಸಿಗುತ್ತದೆ, ಜೊತೆಯೂ ಸಿಗುತ್ತದೆ. ಎರಡನೆಯದು, ಅನೇಕ ರೌಟರುಗಳಲ್ಲಿ 'ಗೆಸ್ಟ್' ಎಂಬ ಎರಡನೆಯ ವೈಫೈ ತೆರೆಯಬಹುದು. ಅದಕ್ಕೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್. ಆ ಮೂಲಕ ಬಂದವರಿಗೆ ಇಂಟರ್‌ನೆಟ್ ಸಿಗುತ್ತದೆ, ನಿಮ್ಮ ಕಂಪ್ಯೂಟರಿನ ಕಡತಗಳು ಕಾಣುವುದಿಲ್ಲ. ಕೆಲವು ರೌಟರುಗಳಲ್ಲಿ ಸಮಯ, ವೇಗ ನಿಗದಿಪಡಿಸಲೂ ಬರುತ್ತದೆ. ಆದರೆ ಹೊರಜಗತ್ತಿಗೆ ವಿಳಾಸ ನಿಮ್ಮದೇ ಆದ್ದರಿಂದ, ಗುರುತಿರುವವರಿಗೆ ಮಾತ್ರ ಕೊಡಿ. ಮೂರನೆಯದು, ಮನೆಯಲ್ಲಿ ಸಾಧ್ಯವಿಲ್ಲದಿದ್ದರೆ ನಿಮ್ಮ ಧರ್ಮಕೇಂದ್ರದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಗೆ ತಿಳಿಸಿ. ಅಕ್ಕಿಗೆ ನೆರವಾಗುವವರು ರೀಚಾರ್ಜಿಗೂ ನೆರವಾಗಬಹುದು.

ಆ ಧರ್ಮಕೇಂದ್ರದಲ್ಲಿ ನಾವು ಮಾಡಿದ್ದು ಇಷ್ಟೇ. ಗೆಸ್ಟ್ ವೈಫೈ ತೆರೆದೆವು. ಧರ್ಮೋಪದೇಶದ ಕೋಣೆಯಲ್ಲಿ ಅಂತರ ಬಿಟ್ಟು ಆರು ಕುರ್ಚಿ ಹಾಕಿದೆವು. ಸಂಜೆ 4ರಿಂದ 7ರವರೆಗೆ, ಹೆಸರು ಬರೆದು, ಹಿರಿಯರೊಬ್ಬರ ಸಮ್ಮುಖದಲ್ಲಿ ಮಕ್ಕಳು ಕುಳಿತರು. ಜಾತಿ ಮತ ಕೇಳಲಿಲ್ಲ. ಆ ಹುಡುಗಿಯ ಅಧ್ಯಾಪಕರಿಗೆ ನಾನೇ ಫೋನ್ ಮಾಡಿ ತಪ್ಪು ನನ್ನದೆಂದು ಹೇಳಿದೆ. ಅವರು ಅಸೈನ್‌ಮೆಂಟ್ ಸ್ವೀಕರಿಸಿದರು.

ಒಂದೇ ಸೂರಿನಡಿ

ಕೊನೆಯದಾಗಿ ಒಂದು ಮಾತು. ವೈಫೈ ಬಂದ ಮೇಲೆ ಪ್ರತಿಯೊಂದು ಕೋಣೆಗೂ ಲೋಕವೇ ಬಂತು. ಆದರೆ ಕೋಣೆಯಿಂದ ಕೋಣೆಗೆ ಜನ ಬರುವುದು ಕಡಿಮೆಯಾಯಿತು. ಒಂದೇ ಸಂಪರ್ಕವನ್ನು ಐದು ಮಂದಿ ಹಂಚಿಕೊಳ್ಳುತ್ತಾರೆ, ಒಂದು ಊಟವನ್ನು ಒಟ್ಟಿಗೆ ಹಂಚಿಕೊಳ್ಳುವುದಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕುಟುಂಬವನ್ನು ಗೃಹಸಭೆಯೆಂಬಂತೆ ಕಂಡಿತು. ಆ ಸಭೆ ಸೇರಬೇಡವೇ?

ಧರ್ಮಸಭೆ ಇಂಟರ್‌ನೆಟ್ಟಿಗೆ ಹೆದರಿದ್ದಿಲ್ಲ. ಜಗದ್ಗುರು ಎರಡನೇ ಜಾನ್ ಪೌಲರು 2002ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶದಲ್ಲಿ ಅದನ್ನು ಶುಭಸಂದೇಶ ಸಾರುವ ಹೊಸ ವೇದಿಕೆಯೆಂದು ಕಂಡರು. 2006ರಲ್ಲಿ 15ನೇ ವಯಸ್ಸಿಗೆ ತೀರಿಕೊಂಡ ಇಟಲಿಯ ಕಾರ್ಲೊ ಅಕ್ಯುಟಿಸ್ ಪರಮಪ್ರಸಾದದ ಅದ್ಭುತಗಳನ್ನು ಸಂಗ್ರಹಿಸಿ ಇಂಟರ್‌ನೆಟ್ಟಿನಲ್ಲಿ ಪ್ರಕಟಿಸಿದ ಹುಡುಗ. 2025ರ ಸೆಪ್ಟೆಂಬರ್ 7ರಂದು ಜಗದ್ಗುರು ಹದಿನಾಲ್ಕನೇ ಲಿಯೋ ಅವರನ್ನು ಸಂತರೆಂದು ಘೋಷಿಸಿದರು. ಕಂಪ್ಯೂಟರನ್ನು ಅಷ್ಟು ಪ್ರೀತಿಸಿದ ಆ ಹುಡುಗ ವೀಡಿಯೋ ಆಟಕ್ಕೆ ವಾರಕ್ಕೆ ಒಂದು ಗಂಟೆ ಎಂದು ತನಗೆ ತಾನೇ ಮಿತಿ ಹಾಕಿಕೊಂಡಿದ್ದನೆಂದು ಹೇಳುತ್ತಾರೆ. ನಮ್ಮ ಮಕ್ಕಳಿಗೆ, ಅವರಿಗಿಂತ ಮೊದಲು ನಮಗೆ, ಇದು ಪಾಠ.

ರಾತ್ರಿಯ ಜಪಸರಕ್ಕೆ ಮನೆಮಂದಿ ಕುಳಿತುಕೊಳ್ಳುವ ಹೊತ್ತಿಗೆ ಅರ್ಧ ಗಂಟೆ ರೌಟರನ್ನು ಆರಿಸಿ ನೋಡಿ. ಅಪ್ಪನೇ ಎದ್ದು ಆರಿಸಲಿ. ಮಕ್ಕಳು ಮಾತಿಗಿಂತ ಕೈಯನ್ನು ನೋಡಿ ಕಲಿಯುತ್ತಾರೆ.

ಈ ವಾರ ಮನೆಯಲ್ಲಿ ಕುಳಿತು ಮಾತಾಡಿ

1. ನಮ್ಮ ರೌಟರ್ ಎಲ್ಲಿದೆ? ಅದರ ಪಾಸ್‌ವರ್ಡ್ ಯಾರ ಯಾರ ಬಳಿ ಇದೆ?

2. ಮನೆಯಲ್ಲಿ ಯಾರ ಕೆಲಸಕ್ಕೆ ಯಾವ ಹೊತ್ತಿನಲ್ಲಿ ಮೊದಲ ಸ್ಥಾನ ಕೊಡಬೇಕು?

3. ನಮ್ಮ ನೆರೆಯಲ್ಲಿ ಓದುವ ಮಗುವೊಂದು ಸಂಪರ್ಕವಿಲ್ಲದೆ ಹಿಂದೆ ಬಿದ್ದಿದೆಯೇ? ನಾವು ಹೊರಗೆ ಹೋಗಿ ನೋಡಿದ್ದೇವೆಯೇ?

ಪ್ರಾರ್ಥನೆ: ಪ್ರಭುವೇ, ನಮ್ಮ ಮನೆಗೆ ಬಂದ ಪ್ರತಿಯೊಂದು ವರವೂ ನಿಮ್ಮದೇ. ಕಾಯಬೇಕಾದದ್ದನ್ನು ಕಾಯುವ ವಿವೇಕವನ್ನೂ ಹಂಚಬೇಕಾದದ್ದನ್ನು ಹಂಚುವ ಮನಸ್ಸನ್ನೂ ಕೊಡಿ. ನಮ್ಮ ಬಾಗಿಲ ಹೊರಗೆ ಮಳೆಯಲ್ಲಿ ಕುಳಿತವರನ್ನು ಕಾಣುವ ಕಣ್ಣನ್ನು ಕೊಡಿ. ಆಮೆನ್.